ಫ್ಲಟರ್ ಆ್ಯಪ್‌ಗೆ ಟಿಸಿಪಿ ಸಾಕೆಟ್ ಜೋಡಿಸುವ ಕ್ರಮ: ಮೊದಲು ಫ್ರೇಮ್, ಆಮೇಲೆ ಸಂಪರ್ಕ

ಫ್ಲಟರ್‌ನಲ್ಲಿ (ಡಾರ್ಟ್ ಭಾಷೆಯಲ್ಲಿ ಆ್ಯಪ್ ಕಟ್ಟುವ ಸಾಧನ) ಸಾಕೆಟ್ ಅನ್ನು, ಅಂದರೆ ಜಾಲದ ಮೂಲಕ ಎರಡು ಸಾಧನಗಳು ನೇರವಾಗಿ ಮಾತಾಡುವ ಸಂಪರ್ಕದ ತುದಿಯನ್ನು, ಬಳಸಲು ಹೊರಟವರಿಂದ ಬರುವ ದೂರುಗಳು ಹೆಚ್ಚುಕಡಿಮೆ ಮೂರೇ ಬಗೆಯವು. ಎರಡು ಸಂದೇಶಗಳು ಅಂಟಿಕೊಂಡು ಒಂದಾಗಿ ಬರುತ್ತವೆ. ಇಂಗ್ಲಿಷಿನಲ್ಲಿ ಸರಿಯಾಗಿ ಹೋಗುವ ಪಠ್ಯ ಕನ್ನಡದಲ್ಲಿ ಒಡೆದುಹೋಗುತ್ತದೆ. ಡೀಬಗ್‌ನಲ್ಲಿ (ಕೋಡ್ ಬರೆಯುವಾಗ ಪರೀಕ್ಷಿಸುವ ರೂಪದಲ್ಲಿ) ಚೆನ್ನಾಗಿ ಓಡುತ್ತಿದ್ದ ಆ್ಯಪ್ ರಿಲೀಸ್ ಬಿಲ್ಡ್‌ನಲ್ಲಿ (ಬಳಕೆದಾರರಿಗೆ ಕೊಡುವ ರೂಪದಲ್ಲಿ) ಸಂಪರ್ಕವನ್ನೇ ಪಡೆಯುವುದಿಲ್ಲ. ಸಾಕೆಟ್ ತೆರೆಯುವ ಒಂದು ಸಾಲಿನ ಕೋಡ್‌ನಿಂದ ಕೆಲಸ ಆರಂಭಿಸಿ, ಸಂದೇಶ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂದು ಗುರುತಿಸುವ ರೂಪವನ್ನೂ (ಫ್ರೇಮ್) ಅನುಮತಿಗಳನ್ನೂ ಕೊನೆಗೆ ಬಿಟ್ಟುಕೊಳ್ಳುವುದೇ ಇದಕ್ಕೆ ಮುಖ್ಯ ಕಾರಣ. ಈ ಮಾರ್ಗದರ್ಶಿಯ ಕ್ರಮ ಅದಕ್ಕೆ ವಿರುದ್ಧವಾಗಿದೆ. ದಯವಿಟ್ಟು ಹಂತಗಳನ್ನು ಹಾರಿಸಬೇಡಿ.

ಉದಾಹರಣೆಗೆ ಒಂದು ಹೋಟೆಲಿನ ಆರ್ಡರ್ ಆ್ಯಪ್ ಅನ್ನು ಇಟ್ಟುಕೊಳ್ಳೋಣ. ಸಪ್ಲೈಯರ್ ತನ್ನ ಫೋನಿನಲ್ಲಿ ಆರ್ಡರ್ ಬರೆದುಕೊಂಡರೆ ಅದು ಅಡುಗೆಮನೆಯ ಟ್ಯಾಬ್ಲೆಟ್‌ನಲ್ಲಿ ಕಾಣಿಸಬೇಕು. ಎರಡೂ ಒಂದೇ ವೈಫೈನಲ್ಲಿವೆ, ಹೊರಗಿನ ಇಂಟರ್ನೆಟ್ ಇರಲಿ ಬಿಡಲಿ ಕೆಲಸ ನಿಲ್ಲಬಾರದು. ಟ್ಯಾಬ್ಲೆಟ್ ಸರ್ವರ್, ಫೋನುಗಳು ಕ್ಲೈಂಟ್‌ಗಳು.

## ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದವು

ಫ್ಲಟರ್ ಎಸ್‌ಡಿಕೆ, ಒಂದು ನಿಜವಾದ ಆಂಡ್ರಾಯ್ಡ್ ಫೋನ್, ಐಒಎಸ್‌ಗೂ ಬಿಡುಗಡೆ ಮಾಡುವುದಾದರೆ ಒಂದು ನಿಜವಾದ ಐಫೋನ್ ಮತ್ತು ಎಕ್ಸ್‌ಕೋಡ್ ಇರುವ ಮ್ಯಾಕ್ ಬೇಕು. ಎಮ್ಯುಲೇಟರ್ ಮತ್ತು ಸಿಮ್ಯುಲೇಟರ್ (ಕಂಪ್ಯೂಟರಿನೊಳಗೆ ಓಡುವ ಅಣಕು ಫೋನುಗಳು) ಮಾತ್ರ ನಂಬಿ ಈ ಕೆಲಸ ಮುಗಿಸಲು ಆಗುವುದಿಲ್ಲ, ಏಕೆಂದರೆ ಐಒಎಸ್ ಸಿಮ್ಯುಲೇಟರ್ ಸ್ಥಳೀಯ ಜಾಲದ ಅನುಮತಿಯನ್ನು ಕೇಳುವುದೇ ಇಲ್ಲ. ಅಲ್ಲಿ ಎಲ್ಲವೂ ಸರಿಯಾಗಿದೆ ಎನಿಸಿದ್ದು ಫೋನಿನಲ್ಲಿ ಮೊದಲ ಸಲವೇ ಸೋಲಬಹುದು.

ಇದರ ಜೊತೆಗೆ ಲ್ಯಾಪ್‌ಟಾಪ್‌ನಲ್ಲಿ ನೆಟ್‌ಕ್ಯಾಟ್ (ಕೈಯಾರೆ ಸಂಪರ್ಕಿಸಿ ಬೈಟ್ ಕಳಿಸುವ ಉಪಕರಣ) ಮತ್ತು ವೈರ್‌ಶಾರ್ಕ್ (ಜಾಲದಲ್ಲಿ ಹೋಗುವ ಪ್ಯಾಕೆಟ್‌ಗಳನ್ನು ತೋರಿಸುವ ಉಪಕರಣ) ಇರಲಿ. ತಪ್ಪು ಕಳಿಸುವವನದೋ ಪಡೆಯುವವನದೋ ಎಂಬುದನ್ನು ಬೇರ್ಪಡಿಸಲು ಇವೆರಡೇ ಸಾಕು. ಎಮ್ಯುಲೇಟರ್‌ನಲ್ಲಿ ಆರಂಭಿಸುವವರು ಒಂದು ವಿಷಯ ನೆನಪಿಡಬೇಕು: ಆಂಡ್ರಾಯ್ಡ್ ಎಮ್ಯುಲೇಟರ್‌ನೊಳಗೆ 127.0.0.1 ಎಂದರೆ ಎಮ್ಯುಲೇಟರೇ ಹೊರತು ನಿಮ್ಮ ಲ್ಯಾಪ್‌ಟಾಪ್ ಅಲ್ಲ. ಲ್ಯಾಪ್‌ಟಾಪ್ ತಲುಪಲು 10.0.2.2 ಬಳಸಬೇಕು. ಐಒಎಸ್ ಸಿಮ್ಯುಲೇಟರ್ ಮಾತ್ರ ಮ್ಯಾಕ್‌ನ ಜಾಲವನ್ನೇ ಹಂಚಿಕೊಳ್ಳುವುದರಿಂದ ಅಲ್ಲಿ 127.0.0.1 ನಡೆಯುತ್ತದೆ.

## ಹಂತ 1: ಸಾಕೆಟ್ ಬೇಕೇ ಎಂದು ತೀರ್ಮಾನಿಸುವುದು

ನಿಮ್ಮ ಆ್ಯಪ್ ಬ್ರೌಸರ್‌ನಲ್ಲೂ ಓಡಬೇಕಾದರೆ ಇಲ್ಲಿಗೇ ನಿಲ್ಲಿಸಿ ವೆಬ್‌ಸಾಕೆಟ್ (ಬ್ರೌಸರ್‌ಗಳೂ ಬಳಸಬಲ್ಲ, ಸಂದೇಶಗಳನ್ನು ತಾನೇ ಬೇರ್ಪಡಿಸುವ ಸಂಪರ್ಕ) ಆರಿಸಿಕೊಳ್ಳಿ. ಡಾರ್ಟ್‌ನ ಐಒ ಲೈಬ್ರರಿಯ ಸಾಕೆಟ್‌ಗಳು ಫ್ಲಟರ್ ವೆಬ್‌ನಲ್ಲಿ ಕೆಲಸ ಮಾಡುವುದಿಲ್ಲ. ಇಂಟರ್ನೆಟ್‌ನಲ್ಲಿರುವ ನಿಮ್ಮದೇ ಸರ್ವರ್ ಜೊತೆ ಮಾತ್ರ ಮಾತಾಡುವ ಆ್ಯಪ್‌ಗೂ ಸಾಮಾನ್ಯವಾಗಿ ವೆಬ್‌ಸಾಕೆಟ್ ಸಾಕು, ಅಲ್ಲಿ ಫ್ರೇಮ್ ಕಟ್ಟುವ ಶ್ರಮ ಉಳಿಯುತ್ತದೆ.

ಒಂದೇ ಜಾಲದ ಸಾಧನಗಳ ನಡುವಿನ ಮಾತಿಗೆ, ಪ್ರಿಂಟರ್ ಅಥವಾ ತೂಕದ ಯಂತ್ರದಂತಹ ತನ್ನದೇ ಭಾಷೆಯುಳ್ಳ ಸಾಧನದ ಜೊತೆಗಿನ ಮಾತಿಗೆ ಸಾಕೆಟ್ ಬೇಕು. ಸಾಕೆಟ್‌ನಲ್ಲಿ ಇಲ್ಲಿ ಬೇಕಾದ ಬಗೆ ಎರಡು. ಕಳೆದುಹೋಗಬಾರದ ಸಂದೇಶಕ್ಕೆ ಟಿಸಿಪಿ. ಒಂದು ಹೋದರೆ ಮುಂದಿನದು ಬರುತ್ತದೆ ಎನ್ನುವಂತಹ ಮಾಹಿತಿಗೆ, ಅಥವಾ ಜಾಲದಲ್ಲಿ ಯಾರಿದ್ದಾರೆಂದು ಹುಡುಕಲು ಯುಡಿಪಿ. ನಮ್ಮ ಆರ್ಡರ್‌ಗಳು ಟಿಸಿಪಿಯಲ್ಲೇ ಹೋಗಬೇಕು.

## ಹಂತ 2: ಸಂದೇಶದ ಫ್ರೇಮ್ ನಿರ್ಧರಿಸುವುದು

ಟಿಸಿಪಿ ಸಂದೇಶಗಳನ್ನು ಸಾಗಿಸುವುದಿಲ್ಲ, ಬೈಟ್‌ಗಳನ್ನು ಸಾಗಿಸುತ್ತದೆ. ನೀವು ಮೂರು ಸಲ ಬರೆದದ್ದು ಆ ಕಡೆ ಒಂದೇ ಸಲ ಬರಬಹುದು, ಒಂದು ಸಲ ಬರೆದದ್ದು ನಾಲ್ಕು ತುಂಡಾಗಿಯೂ ಬರಬಹುದು. ಕ್ರಮ ಮಾತ್ರ ತಪ್ಪುವುದಿಲ್ಲ. ಮೇಲಿನ ತೊಟ್ಟಿಗೆ ಎಷ್ಟು ಕೊಡ ಸುರಿದಿರಿ ಎಂಬ ಲೆಕ್ಕ ಕೆಳಗಿನ ನಲ್ಲಿಗೆ ಗೊತ್ತಿರುವುದಿಲ್ಲ. ಆದ್ದರಿಂದ ಒಂದು ಸಂದೇಶ ಎಲ್ಲಿ ಮುಗಿಯಿತು ಎಂಬ ಗುರುತನ್ನು ನೀವೇ ಇಡಬೇಕು.

ಎರಡು ದಾರಿಗಳಿವೆ. ಕಳಿಸುವುದು ಪಠ್ಯ ಮಾತ್ರವಾದರೆ ಪ್ರತಿ ಸಂದೇಶವನ್ನೂ ಒಂದೇ ಸಾಲಿನ ಜೇಸನ್ (ಮಾಹಿತಿಯನ್ನು ಪಠ್ಯವಾಗಿ ಬರೆಯುವ ಒಂದು ರೂಪ) ಆಗಿ ಬರೆದು ಕೊನೆಗೆ ಹೊಸಸಾಲಿನ ಬೈಟ್ ಹಾಕಬಹುದು. ಜೇಸನ್ ಎನ್‌ಕೋಡರ್ ಪಠ್ಯದೊಳಗಿನ ಹೊಸಸಾಲುಗಳನ್ನು ಎಸ್ಕೇಪ್ ಮಾಡುವುದರಿಂದ (ಬೇರೆ ಚಿಹ್ನೆಗಳಾಗಿ ಬರೆಯುವುದರಿಂದ) ಗೊಂದಲವಾಗುವುದಿಲ್ಲ, ನೆಟ್‌ಕ್ಯಾಟ್‌ನಿಂದ ಕೈಯಾರೆ ಪರೀಕ್ಷಿಸುವುದೂ ಸುಲಭ. ಮುಂದೆಂದಾದರೂ ಚಿತ್ರವನ್ನೋ ಧ್ವನಿಯನ್ನೋ ಕಳಿಸುವ ಸಾಧ್ಯತೆ ಇದ್ದರೆ ಆರಂಭದಿಂದಲೇ ಎರಡನೆಯ ದಾರಿ ಹಿಡಿಯುವುದು ಒಳ್ಳೆಯದು: ಪ್ರತಿ ಸಂದೇಶದ ಮುಂದೆ 4 ಬೈಟ್‌ಗಳಲ್ಲಿ ಅದರ ಉದ್ದ, ಆಮೇಲೆ ಅಷ್ಟೇ ಬೈಟ್‌ಗಳ ವಿಷಯ. ಈ ಮಾರ್ಗದರ್ಶಿ ಎರಡನೆಯದನ್ನೇ ಅನುಸರಿಸುತ್ತದೆ.

ಕೋಡ್ ಬರೆಯುವ ಮೊದಲು ಮೂರು ಪ್ರಶ್ನೆಗಳಿಗೆ ಉತ್ತರ ಬರೆದಿಡಿ. ಉದ್ದದ ಸಂಖ್ಯೆಯಲ್ಲಿ ಆ 4 ಬೈಟ್‌ಗಳೂ ಸೇರಿವೆಯೇ? ಸೇರಿಸದಿರುವುದೇ ಸರಳ. ಬೈಟ್‌ಗಳ ಕ್ರಮ ಯಾವುದು? ದೊಡ್ಡ ಬೈಟ್ ಮೊದಲು ಬರುವ ಬಿಗ್ ಎಂಡಿಯನ್ ಜಾಲದ ವಾಡಿಕೆ, ಡಾರ್ಟ್‌ನ ಬೈಟ್‌ಡೇಟಾ ಕೂಡ ಬೇರೆ ಹೇಳದಿದ್ದರೆ ಅದನ್ನೇ ಬಳಸುತ್ತದೆ. ಸಂದೇಶದ ಗರಿಷ್ಠ ಗಾತ್ರ ಎಷ್ಟು? ಆರ್ಡರ್‌ಗಳಿಗೆ 65,536 ಬೈಟ್ ಧಾರಾಳ.

ಈಗ ಕನ್ನಡ ಒಡೆಯುವ ಸಮಸ್ಯೆಗೆ ಬರೋಣ. ‘ಇಡ್ಲಿ’ ಎಂಬ ಪದ ಕಣ್ಣಿಗೆ ಎರಡು ಅಕ್ಷರ. ಡಾರ್ಟ್‌ನ ಸ್ಟ್ರಿಂಗ್ ಉದ್ದ ಕೇಳಿದರೆ 5 ಎನ್ನುತ್ತದೆ, ಏಕೆಂದರೆ ಅದು ಸ್ವರ, ವ್ಯಂಜನ, ಹಲಂತ, ಗುಣಿತದ ಚಿಹ್ನೆಗಳನ್ನು ಬೇರೆಬೇರೆಯಾಗಿ ಎಣಿಸುತ್ತದೆ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಚಿಹ್ನೆಗೂ 3 ಬೈಟ್ ಬೇಕಾಗುವುದರಿಂದ ಜಾಲದ ಮೇಲೆ ಹೋಗುವುದು 15 ಬೈಟ್. ಸ್ಟ್ರಿಂಗ್‌ನ ಉದ್ದವನ್ನೇ ಹೆಡರ್‌ಗೆ (ಉದ್ದ ಹೇಳುವ ಆ 4 ಬೈಟ್‌ಗಳಿಗೆ) ಬರೆದವರ ಆ್ಯಪ್ ಇಂಗ್ಲಿಷಿನಲ್ಲಿ ಎಂದೂ ಕೆಡುವುದಿಲ್ಲ, ಅಲ್ಲಿ ಎರಡೂ ಸಂಖ್ಯೆ ಒಂದೇ.

ಕನ್ನಡದಲ್ಲಿ ಆಗುವುದು ಹೀಗೆ. ಪಡೆಯುವವನು 5 ಬೈಟ್ ತೆಗೆದುಕೊಂಡು ‘ಇ’ ಮತ್ತು ‘ಡ’ಯ ಮೂರರಲ್ಲಿ ಎರಡು ಭಾಗವನ್ನು ಓದುತ್ತಾನೆ. ಮುಂದಿನ 4 ಬೈಟ್‌ಗಳು ಹೊಸ ಸಂದೇಶದ ಉದ್ದ ಎಂದು ಭಾವಿಸಿ ಓದಿದಾಗ ಬರುವ ಸಂಖ್ಯೆ 271 ಕೋಟಿಗೂ ಮೇಲೆ. ಅಷ್ಟು ಬೈಟ್ ಬರಲಿ ಎಂದು ಆ್ಯಪ್ ಕಾಯುತ್ತಲೇ ಕೂರುತ್ತದೆ. ದೋಷದ ಸಂದೇಶವೂ ಇಲ್ಲ, ಮುಂದಿನ ಆರ್ಡರ್‌ಗಳೂ ಇಲ್ಲ. ‘ಒಂದು ಕನ್ನಡ ಸಂದೇಶ ಹೋದಮೇಲೆ ಸಂಪರ್ಕ ಸತ್ತಂತಾಗುತ್ತದೆ’ ಎಂಬ ದೂರು ಬಂದರೆ ಬೇರೇನನ್ನೂ ನೋಡುವ ಮೊದಲು ಇದನ್ನು ನೋಡಿ. ಪರಿಹಾರ ಚಿಕ್ಕದು: ಮೊದಲು ಪಠ್ಯವನ್ನು ಯುಟಿಎಫ್-8 ಬೈಟ್‌ಗಳಾಗಿ ಬದಲಿಸಿ, ಆ ಬೈಟ್‌ಗಳ ಉದ್ದವನ್ನು ಹೆಡರ್‌ಗೆ ಬರೆಯಿರಿ.

## ಹಂತ 3: ಜಾಲವಿಲ್ಲದೆ ಫ್ರೇಮ್ ಬಿಡಿಸುವ ಕೋಡ್ ಪರೀಕ್ಷಿಸುವುದು

ಬಂದ ತುಂಡುಗಳನ್ನೆಲ್ಲ ಒಂದು ಬಫರ್‌ಗೆ (ತಾತ್ಕಾಲಿಕ ಸಂಗ್ರಹಕ್ಕೆ) ಸೇರಿಸುತ್ತಾ ಹೋಗುವ ಒಂದು ಪುಟ್ಟ ಕ್ಲಾಸ್ ಬರೆಯಿರಿ. ಬಫರ್‌ನಲ್ಲಿ 4 ಬೈಟ್ ಆಗುವವರೆಗೆ ಸುಮ್ಮನಿರಬೇಕು. ಆದಮೇಲೆ ಉದ್ದ ಓದಿ, ಅಷ್ಟು ಬೈಟ್ ಪೂರ್ತಿ ಬಂದಿದ್ದರೆ ಕತ್ತರಿಸಿ ಹೊರಗೆ ಕೊಡಬೇಕು. ಉಳಿದದ್ದನ್ನು ಮತ್ತೆ ಮೊದಲಿನಿಂದ ನೋಡಬೇಕು. ಈ ಕೊನೆಯ ಭಾಗವನ್ನು ಒಂದು ಲೂಪ್ ಆಗಿ ಬರೆಯದೆ ಒಂದೇ ಸಲದ ಪರೀಕ್ಷೆಯಾಗಿ ಬರೆಯುವುದು ಬಹಳ ಕಡೆ ಕಾಣುವ ತಪ್ಪು. ಹಾಗೆ ಮಾಡಿದರೆ ಒಂದೇ ತುಂಡಿನಲ್ಲಿ ಎರಡು ಆರ್ಡರ್ ಬಂದಾಗ ಎರಡನೆಯದು ಬಫರ್‌ನಲ್ಲೇ ಉಳಿದು, ಮೂರನೆಯದು ಬಂದಾಗ ಹೊರಬೀಳುತ್ತದೆ. ಆರ್ಡರ್‌ಗಳು ಸದಾ ಒಂದು ಹೆಜ್ಜೆ ತಡವಾಗಿ ಕಾಣಿಸುತ್ತಿವೆ ಎಂದರೆ ಕಾರಣ ಇದೇ ಇರಬೇಕು.

ಯುಟಿಎಫ್-8ನಿಂದ ಪಠ್ಯಕ್ಕೆ ಬದಲಿಸುವ ಕೆಲಸ ಫ್ರೇಮ್ ಪೂರ್ತಿಯಾದ ಮೇಲೆಯೇ ನಡೆಯಬೇಕು. ಬಂದ ಪ್ರತಿ ತುಂಡನ್ನೂ ಅಲ್ಲಲ್ಲೇ ಡಿಕೋಡ್ ಮಾಡಿದರೆ, ತುಂಡು ಒಂದು ಕನ್ನಡ ಚಿಹ್ನೆಯ ನಡುವೆ ಮುರಿದಾಗ ಡಾರ್ಟ್ ಫಾರ್ಮ್ಯಾಟ್ ಎಕ್ಸೆಪ್ಷನ್ ಎಸೆಯುತ್ತದೆ. ಅದನ್ನು ತಪ್ಪಿಸಲು ಕೆಟ್ಟ ಬೈಟ್‌ಗಳನ್ನು ಒಪ್ಪುವ ಆಯ್ಕೆಯನ್ನು ಕೆಲವರು ಆನ್ ಮಾಡುತ್ತಾರೆ. ಆಗ ದೋಷ ಮಾಯವಾಗಿ, ಪಠ್ಯದಲ್ಲಿ ಪ್ರಶ್ನಾರ್ಥಕ ಚಿಹ್ನೆಯಿರುವ ಕಪ್ಪು ವಜ್ರಾಕೃತಿಗಳು ಉಳಿಯುತ್ತವೆ. ಇದು ರೋಗ ಬಿಟ್ಟು ಲಕ್ಷಣ ಮುಚ್ಚುವ ಕೆಲಸ.

ಗರಿಷ್ಠ ಗಾತ್ರ ಮೀರಿದ ಉದ್ದ ಬಂದರೆ ಸಂಪರ್ಕವನ್ನು ಮುಚ್ಚಿಬಿಡಿ. ಒಮ್ಮೆ ಲೆಕ್ಕ ತಪ್ಪಿದ ಹರಿವಿನಲ್ಲಿ ಮುಂದಿನ ಸಂದೇಶ ಎಲ್ಲಿ ಶುರುವಾಗುತ್ತದೆ ಎಂದು ಕಂಡುಹಿಡಿಯುವ ದಾರಿ ಇಲ್ಲ.

ಪರೀಕ್ಷೆಗೆ ಮೂರು ಬಗೆಯ ಇನ್‌ಪುಟ್ ಕೊಡಿ: ಕನ್ನಡ ಸಂದೇಶವೊಂದನ್ನು ಒಂದೊಂದೇ ಬೈಟ್ ಆಗಿ, ಐದು ಸಂದೇಶಗಳನ್ನು ಒಂದೇ ತುಂಡಾಗಿ, ಎರಡು ಸಂದೇಶಗಳನ್ನು ಎರಡನೆಯದರ ಹೆಡರ್‌ನ ನಡುವೆ ಮುರಿದು. ಈ ಮೂರೂ ಪಾಸಾಗದೆ ಮುಂದಿನ ಹಂತಕ್ಕೆ ಹೋಗಬೇಡಿ. ಮನೆಯ ವೈಫೈನಲ್ಲಿ ಸಣ್ಣ ಸಂದೇಶಗಳು ಸಾಮಾನ್ಯವಾಗಿ ಇಡಿಯಾಗಿಯೇ ಬರುವುದರಿಂದ, ಇಲ್ಲಿ ಹಿಡಿಯದ ತಪ್ಪು ಮೇಜಿನ ಮೇಲೆ ಕಾಣುವುದಿಲ್ಲ. ಹೋಟೆಲಿನಲ್ಲಿ ಊಟದ ಹೊತ್ತಿಗೆ ಕಾಣುತ್ತದೆ.

## ಹಂತ 4: ಅನುಮತಿಗಳು

ಆಂಡ್ರಾಯ್ಡ್‌ನಲ್ಲಿ ಇಂಟರ್ನೆಟ್ ಅನುಮತಿ ಇಲ್ಲದೆ ಸ್ಥಳೀಯ ಸಾಕೆಟ್ ಕೂಡ ತೆರೆಯುವುದಿಲ್ಲ. ಫ್ಲಟರ್ ಹೊಸ ಪ್ರಾಜೆಕ್ಟ್ ಮಾಡಿಕೊಟ್ಟಾಗ ಈ ಅನುಮತಿಯನ್ನು ಡೀಬಗ್ ಮತ್ತು ಪ್ರೊಫೈಲ್ ಮ್ಯಾನಿಫೆಸ್ಟ್‌ಗಳಲ್ಲಿ (ಆ್ಯಪ್‌ಗೆ ಬೇಕಾದ ಅನುಮತಿಗಳನ್ನು ಬರೆಯುವ ಕಡತಗಳಲ್ಲಿ) ತಾನೇ ಹಾಕಿರುತ್ತದೆ, ಏಕೆಂದರೆ ಹಾಟ್ ರೀಲೋಡ್‌ಗೆ (ಆ್ಯಪ್ ಓಡುತ್ತಿರುವಾಗಲೇ ಬದಲಾದ ಕೋಡ್ ಸೇರಿಸಲು) ಅದು ಬೇಕು. ಮೇನ್ ಫೋಲ್ಡರ್‌ನ ಮ್ಯಾನಿಫೆಸ್ಟ್‌ನಲ್ಲಿ ಅದು ಇರುವುದಿಲ್ಲ. ಡೀಬಗ್‌ನಲ್ಲಿ ಓಡಿ ರಿಲೀಸ್‌ನಲ್ಲಿ ಸೋಲುವ ಆ್ಯಪ್‌ನ ರಹಸ್ಯ ಬಹುತೇಕ ಇಷ್ಟೇ. ಮೇನ್ ಮ್ಯಾನಿಫೆಸ್ಟ್‌ಗೆ ಆ ಸಾಲನ್ನು ಈಗಲೇ ಸೇರಿಸಿ.

ಐಒಎಸ್ 14ರಿಂದ ಈಚೆಗೆ ಸ್ಥಳೀಯ ಜಾಲದ ಬಳಕೆಗೆ ಬಳಕೆದಾರನ ಒಪ್ಪಿಗೆ ಬೇಕು. ಇನ್ಫೋ ಪಿಲಿಸ್ಟ್ ಕಡತದಲ್ಲಿ ಸ್ಥಳೀಯ ಜಾಲವನ್ನು ಯಾಕೆ ಬಳಸುತ್ತೀರಿ ಎಂಬ ವಿವರಣೆಯನ್ನು ಬರೆಯಬೇಕು. ಬಾನ್‌ಜೂರ್ (ಜಾಲದಲ್ಲಿರುವ ಸೇವೆಗಳನ್ನು ಹುಡುಕುವ ಆ್ಯಪಲ್‌ನ ವ್ಯವಸ್ಥೆ) ಮೂಲಕ ಸರ್ವರ್ ಹುಡುಕುವುದಾದರೆ ಸೇವೆಯ ಹೆಸರನ್ನೂ ಅಲ್ಲಿ ಪಟ್ಟಿ ಮಾಡಬೇಕು. ಒಪ್ಪಿಗೆಯ ಪ್ರಶ್ನೆ ತೆರೆಯ ಮೇಲೆ ಬರುವುದು ಆ್ಯಪ್ ಮೊದಲ ಸಲ ಸ್ಥಳೀಯ ವಿಳಾಸಕ್ಕೆ ಸಂಪರ್ಕಿಸಲು ಹೊರಟಾಗ. ಬಳಕೆದಾರ ಉತ್ತರಿಸುವಷ್ಟರಲ್ಲಿ ಆ ಮೊದಲ ಪ್ರಯತ್ನ ಸೋತಿರಬಹುದು, ಆದ್ದರಿಂದ ಮೊದಲ ಸೋಲನ್ನು ಕಂಡು ‘ಸರ್ವರ್ ಇಲ್ಲ’ ಎಂದು ತೋರಿಸಬೇಡಿ, ಮತ್ತೆ ಪ್ರಯತ್ನಿಸಿ. ‘ಬೇಡ’ ಎಂದು ಒತ್ತಿದವರಿಗೆ ಪ್ರಶ್ನೆ ಮತ್ತೆ ಬರುವುದಿಲ್ಲ, ಸೆಟ್ಟಿಂಗ್ಸ್‌ನಲ್ಲಿ ಎಲ್ಲಿ ಬದಲಿಸಬೇಕೆಂದು ಆ್ಯಪ್ ತಾನೇ ಹೇಳಬೇಕು.

## ಹಂತ 5: ಸರ್ವರ್ ಮತ್ತು ಕ್ಲೈಂಟ್ ಬರೆಯುವುದು

ಟ್ಯಾಬ್ಲೆಟ್‌ನಲ್ಲಿ ಸರ್ವರ್‌ಸಾಕೆಟ್ ಬೈಂಡ್ ಮಾಡುವಾಗ ಎಲ್ಲ ಐಪಿವಿ4 ವಿಳಾಸಗಳಿಗೆ ಕಿವಿಗೊಡುವ ಆಯ್ಕೆಯನ್ನು ಬಳಸಿ. ಲೂಪ್‌ಬ್ಯಾಕ್ ವಿಳಾಸ (127.0.0.1) ಕೊಟ್ಟರೆ ಅದೇ ಟ್ಯಾಬ್ಲೆಟ್‌ನಿಂದ ಮಾಡಿದ ಪರೀಕ್ಷೆ ಗೆಲ್ಲುತ್ತದೆ, ಬೇರೆ ಫೋನಿನಿಂದ ‘ಸಂಪರ್ಕ ನಿರಾಕರಿಸಲಾಗಿದೆ’ ಎಂದು ಬರುತ್ತದೆ. ಪೋರ್ಟ್ (ಸಾಧನದೊಳಗೆ ಆ ಸರ್ವರ್‌ನ ಬಾಗಿಲ ಸಂಖ್ಯೆ) 1024ಕ್ಕಿಂತ ಮೇಲಿರಲಿ. ಇಲ್ಲಿ 4567 ಎಂದಿಟ್ಟುಕೊಳ್ಳೋಣ.

ಕ್ಲೈಂಟ್ ಬರೆಯುವ ಮೊದಲು ಲ್ಯಾಪ್‌ಟಾಪ್‌ನಿಂದ ನೆಟ್‌ಕ್ಯಾಟ್ ಬಳಸಿ ಟ್ಯಾಬ್ಲೆಟ್‌ನ ಆ ಪೋರ್ಟ್‌ಗೆ ಸಂಪರ್ಕಿಸಿ ನೋಡಿ. ಇದು ಸೋತರೆ ತಪ್ಪು ನಿಮ್ಮ ಕ್ಲೈಂಟ್ ಕೋಡ್‌ನದಲ್ಲ, ಸರ್ವರ್‌ನದು ಅಥವಾ ವೈಫೈನದು. ಅತಿಥಿಗಳಿಗೆಂದು ಇಟ್ಟಿರುವ ವೈಫೈಗಳಲ್ಲಿ ಸಾಧನಗಳು ಪರಸ್ಪರ ಮಾತಾಡದಂತೆ ಕ್ಲೈಂಟ್ ಐಸೊಲೇಶನ್ ಆನ್ ಮಾಡಿರುತ್ತಾರೆ. ಅದಕ್ಕೆ ಕೋಡ್‌ನಲ್ಲಿ ಪರಿಹಾರವಿಲ್ಲ, ರೌಟರ್‌ನಲ್ಲೇ ಬದಲಿಸಬೇಕು.

ಕ್ಲೈಂಟ್‌ನಲ್ಲಿ ಸಂಪರ್ಕಕ್ಕೆ 5 ಸೆಕೆಂಡಿನ ಕಾಲಮಿತಿ ಕೊಡಿ. ಕೊಡದಿದ್ದರೆ ಕಾರ್ಯವ್ಯವಸ್ಥೆಯ ದೀರ್ಘ ಕಾಲಮಿತಿ ಮುಗಿಯುವವರೆಗೆ ಬಳಕೆದಾರ ಸುತ್ತುವ ಚಕ್ರ ನೋಡುತ್ತಾ ನಿಲ್ಲಬೇಕಾಗುತ್ತದೆ. ಸಣ್ಣ ಸಂದೇಶಗಳು ಕೂಡಲೇ ಹೊರಡಲು ಟಿಸಿಪಿ ನೋ-ಡಿಲೇ (TCP_NODELAY) ಆಯ್ಕೆಯನ್ನು ಆನ್ ಮಾಡಿ, ಡಾರ್ಟ್‌ನಲ್ಲಿ ಅದು ತಾನಾಗಿ ಆನ್ ಆಗಿರುವುದಿಲ್ಲ. ಹೆಡರ್ ಮತ್ತು ವಿಷಯವನ್ನು ಸೇರಿಸಿ ಒಂದೇ ಸಲ ಬರೆಯಿರಿ.

ಡಾರ್ಟ್‌ನ ಸಾಕೆಟ್‌ಗೆ ಕೆಲವು ವಿಚಿತ್ರ ಸ್ವಭಾವಗಳಿವೆ. ಅದನ್ನು ಒಬ್ಬರೇ ಆಲಿಸಬಹುದು. ಎರಡು ವಿಜೆಟ್‌ಗಳು (ತೆರೆಯ ಭಾಗಗಳು) ಆಲಿಸಲು ಹೋದರೆ ಸ್ಟ್ರೀಮ್ ಅನ್ನು ಈಗಾಗಲೇ ಆಲಿಸಲಾಗಿದೆ ಎಂಬ ದೋಷ ಬರುತ್ತದೆ. ಆದ್ದರಿಂದ ಸಾಕೆಟ್ ವಿಜೆಟ್‌ನೊಳಗೆ ಇರಬಾರದು, ಅದಕ್ಕೆಂದೇ ಇರುವ ಒಂದು ಸೇವೆಯೊಳಗೆ ಇರಬೇಕು. ಫ್ಲಶ್ (ಬರೆದದ್ದನ್ನು ಹೊರಕಳಿಸುವ ಕೆಲಸ) ಮುಗಿಯುವ ಮೊದಲೇ ಮತ್ತೆ ಬರೆದರೂ ದೋಷ ಬರುತ್ತದೆ. ಕಳಿಸಬೇಕಾದವುಗಳನ್ನು ಸಾಲಿನಲ್ಲಿಟ್ಟು ಒಂದಾದ ಮೇಲೆ ಒಂದರಂತೆ ಬರೆಯಿರಿ. ಇನ್ನು ಬರೆಯುವಾಗಿನ ದೋಷಗಳು ಬರೆದ ಸಾಲಿನಲ್ಲಿ ಸಿಗುವುದಿಲ್ಲ, ಸಾಕೆಟ್‌ನ ಡನ್ ಎಂಬ ಫ್ಯೂಚರ್ (ಆಮೇಲೆ ಸಿಗುವ ಫಲಿತಾಂಶ) ಮೂಲಕ ಬರುತ್ತವೆ. ಅದನ್ನು ಹಿಡಿಯದಿದ್ದರೆ, ಟ್ರೈ ಕ್ಯಾಚ್ ಒಳಗೇ ಬರೆದಿದ್ದರೂ, ಲಾಗ್‌ನಲ್ಲಿ ಹಿಡಿಯದ ಎಕ್ಸೆಪ್ಷನ್ ಕಾಣುತ್ತದೆ.

## ಹಂತ 6: ಸರ್ವರ್‌ನ ವಿಳಾಸ ಹುಡುಕುವುದು

ರೌಟರ್ ಕೊಡುವ ವಿಳಾಸ ನಾಳೆ ಬದಲಾಗಬಹುದು, ಹಾಗಾಗಿ ಅದನ್ನು ಕೋಡ್‌ನಲ್ಲಿ ಬರೆದಿಡುವಂತಿಲ್ಲ. ಯುಡಿಪಿ ಬ್ರಾಡ್‌ಕಾಸ್ಟ್ (ಜಾಲದ ಎಲ್ಲರಿಗೂ ಒಮ್ಮೆಗೇ ಕಳಿಸುವುದು) ಮೂಲಕ ಟ್ಯಾಬ್ಲೆಟ್ ತನ್ನ ಇರವನ್ನು ಸಾರುವುದು ಸುಲಭ ಎನಿಸುತ್ತದೆ, ಆದರೆ ಐಒಎಸ್‌ನಲ್ಲಿ ಬ್ರಾಡ್‌ಕಾಸ್ಟ್ ಮತ್ತು ಮಲ್ಟಿಕಾಸ್ಟ್‌ಗೆ (ಒಂದು ಗುಂಪಿಗೆ ಒಮ್ಮೆಗೇ ಕಳಿಸುವುದಕ್ಕೆ) ಆ್ಯಪಲ್‌ನಿಂದ ಅರ್ಜಿ ಹಾಕಿ ಪಡೆಯಬೇಕಾದ ಪ್ರತ್ಯೇಕ ಎಂಟೈಟಲ್‌ಮೆಂಟ್ (ವಿಶೇಷ ಪರವಾನಗಿ) ಬೇಕು. ಆಂಡ್ರಾಯ್ಡ್‌ನಲ್ಲಿ ವೈಫೈ ಚಿಪ್ ಬ್ಯಾಟರಿ ಉಳಿಸಲು ಮಲ್ಟಿಕಾಸ್ಟ್ ಪ್ಯಾಕೆಟ್‌ಗಳನ್ನು ಎಸೆದುಬಿಡುತ್ತದೆ, ಮಲ್ಟಿಕಾಸ್ಟ್ ಲಾಕ್ ಹಿಡಿದರೆ ಮಾತ್ರ ಅವು ಆ್ಯಪ್‌ಗೆ ತಲುಪುತ್ತವೆ.

ಎರಡೂ ತೊಡಕು ತಪ್ಪಿಸಲು ಕಾರ್ಯವ್ಯವಸ್ಥೆಯದೇ ಹುಡುಕಾಟ ಸೇವೆಯನ್ನು ಬಳಸುವ ಬಾನ್‌ಸ್ವಾರ್‌ನಂತಹ ಪ್ಯಾಕೇಜ್ ಆರಿಸಿಕೊಳ್ಳಿ. ಅದು ಐಒಎಸ್‌ನಲ್ಲಿ ಬಾನ್‌ಜೂರ್, ಆಂಡ್ರಾಯ್ಡ್‌ನಲ್ಲಿ ಎನ್‌ಎಸ್‌ಡಿ ಮೂಲಕ ಕೆಲಸ ಮಾಡುತ್ತದೆ. ಆದರೂ ಕೆಲವು ರೌಟರ್‌ಗಳು ಮಲ್ಟಿಕಾಸ್ಟ್ ಅನ್ನು ತಡೆಯುತ್ತವೆ. ಟ್ಯಾಬ್ಲೆಟ್ ತನ್ನ ವಿಳಾಸ ಮತ್ತು ಪೋರ್ಟ್ ಅನ್ನು ಕ್ಯೂಆರ್ ಕೋಡ್ ಆಗಿ ತೋರಿಸಿ, ಫೋನ್ ಅದನ್ನು ಸ್ಕ್ಯಾನ್ ಮಾಡುವ ವ್ಯವಸ್ಥೆ ಇರಲೇಬೇಕು ಎನ್ನುವುದು ನನ್ನ ಅಭಿಪ್ರಾಯ. ಯುಪಿಐ ಬಂದಮೇಲೆ ಸ್ಕ್ಯಾನ್ ಮಾಡಿ ಎಂದರೆ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

## ಹಂತ 7: ಸ್ವೀಕೃತಿ, ಮಿಡಿತ, ಮರುಸಂಪರ್ಕ

ಟಿಸಿಪಿ ತಲುಪಿಸುತ್ತದೆ ಎಂಬ ನಂಬಿಕೆ ಅರ್ಧ ನಿಜ. ಬರೆದ ಕೋಡ್ ದೋಷವಿಲ್ಲದೆ ಮುಗಿಯಿತು ಎಂದರೆ ಬೈಟ್‌ಗಳು ನಿಮ್ಮ ಫೋನಿನ ಬಫರ್‌ಗೆ ಸೇರಿದವು ಎಂದಷ್ಟೇ ಅರ್ಥ. ಟ್ಯಾಬ್ಲೆಟ್‌ನ ಕರ್ನಲ್ ಅವನ್ನು ಪಡೆದಿದ್ದರೂ ಆ್ಯಪ್ ಓದುವ ಮೊದಲೇ ಕ್ರ್ಯಾಶ್ ಆಗಿರಬಹುದು. ಆದ್ದರಿಂದ ಪ್ರತಿ ಆರ್ಡರ್‌ಗೂ ಫೋನಿನಲ್ಲೇ ಒಂದು ವಿಶಿಷ್ಟ ಗುರುತು ಕೊಟ್ಟು, ಟ್ಯಾಬ್ಲೆಟ್ ಅದನ್ನು ತನ್ನ ಡೇಟಾಬೇಸ್‌ನಲ್ಲಿ ಉಳಿಸಿದ ಮೇಲೆ ಆ ಗುರುತಿನೊಂದಿಗೆ ಸ್ವೀಕೃತಿ ಕಳಿಸಬೇಕು. ಸ್ವೀಕೃತಿ ಬರುವವರೆಗೆ ಆರ್ಡರ್ ಫೋನಿನಲ್ಲಿ ಬಾಕಿ ಪಟ್ಟಿಯಲ್ಲೇ ಇರಬೇಕು.

ಸ್ವೀಕೃತಿಯೇ ದಾರಿಯಲ್ಲಿ ಕಳೆದುಹೋದರೆ ಫೋನ್ ಅದೇ ಆರ್ಡರ್ ಅನ್ನು ಮತ್ತೆ ಕಳಿಸುತ್ತದೆ. ಟ್ಯಾಬ್ಲೆಟ್ ಗುರುತು ನೋಡಿ, ಮೊದಲೇ ಇದ್ದರೆ ಅಡುಗೆಯವರಿಗೆ ತೋರಿಸದೆ ಸ್ವೀಕೃತಿಯನ್ನು ಮಾತ್ರ ಮತ್ತೆ ಕಳಿಸಬೇಕು. ಇದನ್ನು ಬಿಟ್ಟರೆ ಒಂದು ಮಸಾಲೆ ದೋಸೆ ಕೇಳಿದವರಿಗೆ ಎರಡು ಬರುತ್ತವೆ.

ಫೋನ್ ವೈಫೈ ವ್ಯಾಪ್ತಿಯಿಂದ ಹೊರಹೋದಾಗ ಯಾರೂ ಸಂಪರ್ಕ ಮುಚ್ಚುವ ಪ್ಯಾಕೆಟ್ ಕಳಿಸುವುದಿಲ್ಲ. ಆ ಕಡೆಯ ಸಾಕೆಟ್ ತಾನು ಬದುಕಿದ್ದೇನೆ ಎಂದೇ ಭಾವಿಸಿರುತ್ತದೆ. ಲಿನಕ್ಸ್‌ನ ಟಿಸಿಪಿ ಕೀಪ್‌ಅಲೈವ್ (ಸಂಪರ್ಕ ಬದುಕಿದೆಯೇ ಎಂದು ಆಗಾಗ ನೋಡುವ ವ್ಯವಸ್ಥೆ) ಆನ್ ಮಾಡಿದರೂ ಅದರ ಮೂಲ ಅವಧಿ 2 ಗಂಟೆ. ಹಾಗಾಗಿ ಆ್ಯಪ್ ಮಟ್ಟದಲ್ಲಿ 15 ಸೆಕೆಂಡಿಗೊಮ್ಮೆ ಒಂದು ಪುಟ್ಟ ಮಿಡಿತದ ಸಂದೇಶ ಕಳಿಸಿ, ಎರಡು ಮಿಡಿತಗಳಿಗೆ ಉತ್ತರ ಬಾರದಿದ್ದರೆ ಸಾಕೆಟ್ ಅನ್ನು ಡೆಸ್ಟ್ರಾಯ್ ಮಾಡಿ.

ಮರುಸಂಪರ್ಕಕ್ಕೆ 1, 2, 4, 8 ಸೆಕೆಂಡ್ ಹೀಗೆ ಕಾಯುವ ಅವಧಿಯನ್ನು ಹೆಚ್ಚಿಸುತ್ತಾ 30ಕ್ಕೆ ನಿಲ್ಲಿಸಿ, ಪ್ರತಿ ಸಲವೂ ಸ್ವಲ್ಪ ಯಾದೃಚ್ಛಿಕ ವ್ಯತ್ಯಾಸ ಸೇರಿಸಿ. ಹೊಸ ಸಾಕೆಟ್‌ಗೆ ಹೊಸ ಬಫರ್ ಬೇಕು. ಹಳೆಯ ಸಂಪರ್ಕದ ಅರ್ಧ ಫ್ರೇಮ್ ಉಳಿದಿರುವ ಬಫರ್‌ಗೆ ಹೊಸ ಬೈಟ್‌ಗಳನ್ನು ಸೇರಿಸಿದರೆ 2ನೇ ಹಂತದ ಅದೇ ಗೊಂದಲ ಮರುಕಳಿಸುತ್ತದೆ.

## ಹಂತ 8: ಆ್ಯಪ್ ಹಿನ್ನೆಲೆಗೆ ಹೋದಾಗ

ಐಒಎಸ್ ಹಿನ್ನೆಲೆಗೆ ಹೋದ ಆ್ಯಪ್ ಅನ್ನು ಅಮಾನತಿನಲ್ಲಿಡುತ್ತದೆ, ಆಗ ಸಾಕೆಟ್ ಅನ್ನೂ ಹಿಂತೆಗೆದುಕೊಳ್ಳಬಹುದು. ಅದನ್ನು ತಡೆಯಲು ಅಡ್ಡದಾರಿ ಹುಡುಕುವುದರಲ್ಲಿ ಸಮಯ ಕಳೆಯಬೇಡಿ. ಆ್ಯಪ್ ಹಿನ್ನೆಲೆಗೆ ಹೋಗುವಾಗ ಸಾಕೆಟ್ ಮುಚ್ಚಿ, ಮುಂದೆ ಬಂದಾಗ ಹೊಸದು ತೆರೆದು, ಬಾಕಿ ಪಟ್ಟಿಯನ್ನು ಕಳಿಸಿ. 7ನೇ ಹಂತ ಸರಿಯಾಗಿ ಮಾಡಿದ್ದರೆ ಇದಕ್ಕೆ ಹೆಚ್ಚಿನ ಕೋಡ್ ಬೇಕಾಗುವುದಿಲ್ಲ.

ಅಡುಗೆಮನೆಯ ಟ್ಯಾಬ್ಲೆಟ್ ಮಾತ್ರ ಸದಾ ಮುನ್ನೆಲೆಯಲ್ಲಿರಬೇಕು, ತೆರೆ ಆರದಂತೆ ವೇಕ್‌ಲಾಕ್ ಹಾಕಿರಬೇಕು. ಆಂಡ್ರಾಯ್ಡ್‌ನಲ್ಲಿ ಫೋರ್‌ಗ್ರೌಂಡ್ ಸರ್ವಿಸ್ (ಸೂಚನೆ ತೋರಿಸುತ್ತಾ ಹಿನ್ನೆಲೆಯಲ್ಲೂ ಓಡುವ ಸೇವೆ) ಬಳಸುವವರು, ಆಂಡ್ರಾಯ್ಡ್ 14ನ್ನು ಗುರಿಯಾಗಿಸಿದ ಆ್ಯಪ್‌ಗಳಲ್ಲಿ ಅದರ ಬಗೆಯನ್ನು ಮ್ಯಾನಿಫೆಸ್ಟ್‌ನಲ್ಲಿ ಘೋಷಿಸುವುದು ಕಡ್ಡಾಯ ಎಂಬುದನ್ನು ಮರೆಯಬಾರದು.

## ಹಂತ 9: ಗುಪ್ತತೆ

ಬರಿಯ ಸಾಕೆಟ್‌ನಲ್ಲಿ ಹೋಗುವುದನ್ನು ಅದೇ ಜಾಲದಲ್ಲಿರುವ ಬೇರೆಯವರು ಓದುವುದು, ನಕಲಿ ಆರ್ಡರ್ ಕಳಿಸುವುದು ಎರಡೂ ಸಾಧ್ಯ. ಹಣದ ವಿವರವೋ ಗ್ರಾಹಕರ ಫೋನ್ ಸಂಖ್ಯೆಯೋ ಇದ್ದರೆ ಸಾಕೆಟ್ ಬದಲು ಸೆಕ್ಯೂರ್‌ಸಾಕೆಟ್ (ಗೂಢಲಿಪಿಯಲ್ಲಿ ಕಳಿಸುವ ಸಾಕೆಟ್) ಬಳಸಿ. ಸ್ವಯಂ ಸಹಿಯ ಪ್ರಮಾಣಪತ್ರವನ್ನು ಡಾರ್ಟ್ ತಿರಸ್ಕರಿಸಿದಾಗ, ಕೆಟ್ಟ ಪ್ರಮಾಣಪತ್ರದ ಕಾಲ್‌ಬ್ಯಾಕ್‌ನಿಂದ ಸದಾ ‘ಸರಿ’ ಎಂದು ಹಿಂದಿರುಗಿಸುವ ಸಲಹೆ ಅಲ್ಲಲ್ಲಿ ಕಾಣಸಿಗುತ್ತದೆ. ಹಾಗೆ ಮಾಡಿದರೆ ಎದುರಿರುವುದು ನಿಮ್ಮ ಟ್ಯಾಬ್ಲೆಟ್ಟೇ ಎಂಬ ಖಾತರಿ ಹೋಗುತ್ತದೆ. ಪ್ರಮಾಣಪತ್ರದ ಬೈಟ್‌ಗಳ ಹ್ಯಾಶ್ (ಬೈಟ್‌ಗಳಿಂದ ಲೆಕ್ಕ ಹಾಕಿದ ಪುಟ್ಟ ಗುರುತು) ಅನ್ನು, ಕ್ಯೂಆರ್ ಕೋಡ್‌ನಿಂದ ಪಡೆದ ಹ್ಯಾಶ್ ಜೊತೆ ಹೋಲಿಸಿ ತೀರ್ಮಾನಿಸಿ.

## ಹಂತ 10: ದೋಷ ಸಂಖ್ಯೆಗಳನ್ನು ಓದುತ್ತಾ ರಿಲೀಸ್ ಬಿಲ್ಡ್ ಪರೀಕ್ಷಿಸುವುದು

ಸಾಕೆಟ್ ಎಕ್ಸೆಪ್ಷನ್ ಜೊತೆ ಬರುವ ಸಂಖ್ಯೆ ಬಹಳಷ್ಟು ಹೇಳುತ್ತದೆ, ಆದರೆ ಎರಡು ವೇದಿಕೆಗಳಲ್ಲಿ ಸಂಖ್ಯೆಗಳು ಬೇರೆ. ಸಂಪರ್ಕ ನಿರಾಕರಣೆ ಆಂಡ್ರಾಯ್ಡ್‌ನಲ್ಲಿ 111, ಐಒಎಸ್‌ನಲ್ಲಿ 61: ಸಾಧನ ಸಿಕ್ಕಿದೆ, ಆ ಪೋರ್ಟ್‌ನಲ್ಲಿ ಯಾರೂ ಇಲ್ಲ. ದಾರಿ ಇಲ್ಲ ಎಂಬುದು 113 ಮತ್ತು 65. ಐಫೋನ್‌ನಲ್ಲಿ 65 ಕಂಡರೆ ಮೊದಲು ಸ್ಥಳೀಯ ಜಾಲದ ಅನುಮತಿಯನ್ನು ಅನುಮಾನಿಸಿ. ವಿಳಾಸ ಬಳಕೆಯಲ್ಲಿದೆ ಎಂಬುದು 98 ಮತ್ತು 48: ಹಿಂದಿನ ಸರ್ವರ್ ಸಾಕೆಟ್ ಮುಚ್ಚಿಲ್ಲ, ಆ್ಯಪ್ ಅನ್ನು ಪೂರ್ತಿ ನಿಲ್ಲಿಸಿ ಮತ್ತೆ ಓಡಿಸಿ. ಆಂಡ್ರಾಯ್ಡ್‌ನಲ್ಲಿ 1 ಅಥವಾ 13 ಬಂದರೆ 4ನೇ ಹಂತಕ್ಕೆ ಹಿಂದಿರುಗಿ. ಲಾಗ್‌ನಲ್ಲಿ ಪಠ್ಯದ ಜೊತೆ ಈ ಸಂಖ್ಯೆಯನ್ನೂ ಬರೆಯುವಂತೆ ನೋಡಿಕೊಳ್ಳಿ.

ಸಂಖ್ಯೆಯಿಂದ ತಿಳಿಯದ ಒಂದು ಸ್ಥಿತಿಯೂ ಇದೆ. ವೈಫೈಗೆ ಇಂಟರ್ನೆಟ್ ಇಲ್ಲದಿದ್ದಾಗ ಆಂಡ್ರಾಯ್ಡ್ ಮೊಬೈಲ್ ಡೇಟಾವನ್ನೇ ಮುಖ್ಯ ಜಾಲವಾಗಿ ಹಿಡಿದು, ನಿಮ್ಮ ಸ್ಥಳೀಯ ಸಂಪರ್ಕವನ್ನೂ ಅತ್ತ ಕಳಿಸಬಹುದು. ಮೊಬೈಲ್ ಡೇಟಾ ಆಫ್ ಮಾಡಿದ ಕೂಡಲೇ ಆ್ಯಪ್ ಸರಿಹೋದರೆ ಇದೇ ಕಾರಣ. ಕಾಟ್ಲಿನ್ ಕಡೆಯಲ್ಲಿ (ಆ್ಯಪ್‌ನ ಆಂಡ್ರಾಯ್ಡ್ ಭಾಗದ ಕೋಡ್‌ನಲ್ಲಿ) ಕನೆಕ್ಟಿವಿಟಿ ಮ್ಯಾನೇಜರ್ ಮೂಲಕ ವೈಫೈ ಜಾಲವನ್ನು ಕೇಳಿ ಪಡೆದು, ಪ್ರಕ್ರಿಯೆಯನ್ನು ಅದಕ್ಕೆ ಬೈಂಡ್ ಮಾಡಬೇಕು.

ಕೊನೆಯ ಪರೀಕ್ಷೆಯನ್ನು ರಿಲೀಸ್ ಬಿಲ್ಡ್‌ನಲ್ಲೇ, ಹೊಸದಾಗಿ ಇನ್‌ಸ್ಟಾಲ್ ಮಾಡಿದ ಆ್ಯಪ್‌ನಲ್ಲೇ ಮಾಡಿ, ಏಕೆಂದರೆ ಹಳೆಯ ಇನ್‌ಸ್ಟಾಲ್‌ನಲ್ಲಿ ಅನುಮತಿ ಮೊದಲೇ ಸಿಕ್ಕಿರುತ್ತದೆ. ಕನ್ನಡದ ಹತ್ತಾರು ಆರ್ಡರ್‌ಗಳನ್ನು ಒಂದರ ಹಿಂದೊಂದು ಕಳಿಸುತ್ತಿರುವಾಗ ರೌಟರ್‌ನ ವಿದ್ಯುತ್ ತೆಗೆದು ಮತ್ತೆ ಹಾಕಿ, ಟ್ಯಾಬ್ಲೆಟ್‌ನ ಆ್ಯಪ್ ಅನ್ನು ಬಲವಂತವಾಗಿ ನಿಲ್ಲಿಸಿ ಮತ್ತೆ ತೆರೆಯಿರಿ, ಫೋನಿಗೆ ಒಂದು ಕರೆ ಬರುವಂತೆ ಮಾಡಿ. ಎಲ್ಲ ಮುಗಿದ ಮೇಲೆ ಫೋನಿನ ಬಾಕಿ ಪಟ್ಟಿ ಖಾಲಿಯಾಗಿರಬೇಕು, ಟ್ಯಾಬ್ಲೆಟ್‌ನಲ್ಲಿರುವ ಆರ್ಡರ್‌ಗಳ ಸಂಖ್ಯೆ ಕಳಿಸಿದಷ್ಟೇ ಇರಬೇಕು; ಒಂದು ಕಡಿಮೆಯಿದ್ದರೆ ಸ್ವೀಕೃತಿಯನ್ನು ಉಳಿಸುವ ಮೊದಲೇ ಕಳಿಸುತ್ತಿದ್ದೀರಿ, ಒಂದು ಹೆಚ್ಚಿದ್ದರೆ ಗುರುತನ್ನು ಪರಿಶೀಲಿಸುತ್ತಿಲ್ಲ.